ಒಬ್ಬಳನ್ನು ಬಿಟ್ಟು ಎಲ್ಲರೂ ಪಾಸು

ಆ ಮಧ್ಯಾಹ್ನ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಾನು ಬಾಯಿ ಬಿಟ್ಟೆನೋ ಇಲ್ಲವೋ, ಈಗ ಹೇಳಲಾರೆ. ‘ಅವಳು ದಿನಾ ಬರ್ತಿದ್ದಳು ಸಾರ್’ ಎಂದ ಹಾಗೆ ನೆನಪು. ಆದರೆ ಆ ನೆನಪಿನಲ್ಲಿ ನನ್ನ ದನಿ ತೀರಾ ಗಟ್ಟಿಯಾಗಿದೆ. ನಾನು ಯಾರೆದುರೂ ಹಾಗೆ ಮಾತಾಡಿದವನಲ್ಲ. ಅದಕ್ಕೇ ಅನುಮಾನ.

ಮೈಸೂರಿನಲ್ಲಿ ಎಂ.ಎಸ್ಸಿ., ಬಿ.ಎಡ್. ಮುಗಿಸಿ ಮಳವಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕನಾಗಿದ್ದೆ. ಹತ್ತನೇ ತರಗತಿಯ ಗಣಿತ ನನ್ನದು, ಹಾಜರಿಯೂ ನನ್ನದು. ದಿನವೂ ಪೆನ್ಸಿಲ್ಲಿನಲ್ಲಿ ಹಾಜರಿ ಹಾಕಿ, ತಿಂಗಳ ಕೊನೆಗೆ ಇಂಕಿನಲ್ಲಿ ತೀಡುವುದು ಅಲ್ಲಿಯ ರೂಢಿ. ಸೋಮಾರಿತನದಿಂದ ನಾನು ಮೂರು ತಿಂಗಳು ತೀಡದೆ ಬಿಟ್ಟಿದ್ದೆ.

ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ. ಗಣಿತದ ಪ್ರಶ್ನೆಯನ್ನು ಎರಡು ಸಲ ದುಂಡಗೆ ಬರೆದು ಉತ್ತರದ ಜಾಗ ಖಾಲಿ ಬಿಡುವಳು. ಅವಳು ಫೇಲಾಗುವುದು ನನಗೂ ಗೊತ್ತಿತ್ತು, ಮುಖ್ಯೋಪಾಧ್ಯಾಯರಿಗೂ ಗೊತ್ತಿತ್ತು.

ಪರಿಶೀಲನಾ ಸಭೆಯಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಶಾಲೆಗಳ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟು ಓದುತ್ತಿದ್ದರಂತೆ. ಹಿಂದಿನ ಸಲ ನಮ್ಮ ಮುಖ್ಯೋಪಾಧ್ಯಾಯರು ಎದ್ದು ನಿಂತು ಬೈಸಿಕೊಂಡು ಬಂದಿದ್ದರು.

“ಆ ಮದ್ದೂರಿನೋನು ಕಾಲ್ ಮೇಲೆ ಕಾಲ್ ಹಾಕ್ಕಂಡು ಕೂತಿದ್ದ ಕಣಪ್ಪಾ. ನಾನು ನಿಂತಿದ್ದೆ, ಹೋಂವರ್ಕ್ ಮಾಡದ ಹೈದನ ತರ. ಈ ಸಲಾನೂ ನಿಲ್ಬೇಕಾ?” ಎಂದರು. ನಾನು ನಕ್ಕೆ. ಅದು ಮಾತ್ರ ಚೆನ್ನಾಗಿ ನೆನಪಿದೆ.

ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಕೂರದವಳು ಶಾಲೆಯ ಲೆಕ್ಕದಲ್ಲಿ ಫೇಲಾಗುವುದೂ ಇಲ್ಲ. ಮುಖ್ಯೋಪಾಧ್ಯಾಯರು ಹಾಜರಿ ಪುಸ್ತಕ ತರಿಸಿಕೊಂಡು, ರಬ್ಬರಿನಲ್ಲಿ ಉಜ್ಜಿ, ಕೆಂಪು ಪೆನ್ನಿನಲ್ಲಿ ಅವಳ ಹೆಸರಿನ ಮುಂದೆ ಗೈರುಹಾಜರಿಯ ‘ಗೈ’ ಎಂದು ಬರೆಯುತ್ತ ಹೋದರು. ನಾನು ಎದುರಿಗೆ ನಿಂತಿದ್ದೆ. ಇಷ್ಟು ವರ್ಷ ನನಗೆ ನಾನು ಹೇಳಿಕೊಂಡಿದ್ದು ಹೀಗೆ.

ಅವಳ ತಾಯಿ ಪೂರಿಗಾಲಿ ಕಡೆಯ ಕೂಲಿ ಹೆಂಗಸು. ವಿಷಯ ತಿಳಿದ ದಿನವೇ ಬಂದಳು.

“ನನ್ ಮಗ್ಳು ಒಂದಿನಾನೂ ತಪ್ಪುಸ್ಕಂಡಿಲ್ಲ ಸಾ. ಜರ ಬಂದಾಗ್ಲೂ ನಾನೇ ಬಸ್ ಅತ್ತುಸಿದೀನಿ.”

“ನಾನ್ ಹೇಳ್ತಿಲ್ಲ ಕಣಮ್ಮ, ರಿಜಿಸ್ಟರ್ ಹೇಳ್ತದೆ” ಎಂದರು ಮುಖ್ಯೋಪಾಧ್ಯಾಯರು.

“ರಿಜಿಸ್ಟ್ರು ತಾನಾಗೇ ಬರ್ಕತದಾ ಸಾ?” ಎಂದವಳು ನನ್ನ ಕಡೆ ತಿರುಗಿದಳು. “ನೀನಾರ ಏಳಪ್ಪ. ದಿನಾ ಪಾಟ ಮಾಡೋನು ನೀನು. ಬತ್ತಿತ್ತೋ ಇಲ್ವೋ?”

ನಾನು ಹೇಳಿದೆನೋ ಇಲ್ಲವೋ ಎಂದದ್ದು ಇದಕ್ಕೆ ಉತ್ತರವನ್ನೇ.

“ಬರೋ ವರ್ಸ ಖಾಸಗಿಯಾಗಿ ಕಟ್ಟುಸು, ಬುಡು” ಎಂದು ಮುಖ್ಯೋಪಾಧ್ಯಾಯರು ಕಳಿಸಿಬಿಟ್ಟರು. ಆ ವರ್ಷ ನಮ್ಮಲ್ಲಿ ಪರೀಕ್ಷೆಗೆ ಕೂತವರೆಲ್ಲ ಪಾಸು. ಸಭೆಯಲ್ಲಿ ಅವರಿಗೆ ಶಾಲು ಹೊದಿಸಿದರು. ಹುಡುಗಿ ಮತ್ತೆ ಕಟ್ಟಲಿಲ್ಲ. ಭಾರತೀನಗರದಲ್ಲಿ ಬಸ್ಸಿಗೆ ಕಾಯುವಾಗ ಒಮ್ಮೆ ಗಾರ್ಮೆಂಟ್ಸ್ ವ್ಯಾನಿನ ಕಿಟಕಿಯಲ್ಲಿ ಅವಳನ್ನು ಕಂಡಂತಾಯಿತು. ಅವಳಲ್ಲದಿರಬಹುದು.

ಹೋದ ವರ್ಷ ಸೇವಾನುಭವದ ಪತ್ರಕ್ಕೆಂದು ಅದೇ ಶಾಲೆಗೆ ಹೋಗಿದ್ದೆ. ಗುಮಾಸ್ತರು, “ನಿಮ್ಮ ವರ್ಷದ್ದು ನೀವೇ ಹುಡುಕ್ಕಳಿ” ಎಂದು ಬೀರು ತೆಗೆದುಕೊಟ್ಟು ಊಟಕ್ಕೆ ಹೋದರು. ಹಾಜರಿ ಪುಸ್ತಕ ಸಿಕ್ಕಿತು. ಅವಳ ಸಾಲಿನಲ್ಲಿ ಉಜ್ಜಿದ ಪೆನ್ಸಿಲ್ ಗೀಟುಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಅವುಗಳ ಮೇಲೆ ಮೂರು ತಿಂಗಳುದ್ದಕ್ಕೂ ಕೆಂಪು ‘ಗೈ’. ನಾನೇ ಕೈಯಲ್ಲಿ ಬರೆದು ಜೇಬಿನಲ್ಲಿಟ್ಟಿದ್ದ ಅರ್ಜಿಯನ್ನು ತೆಗೆದು ಪಕ್ಕದಲ್ಲಿಟ್ಟು, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆ. ಆ ಕೆಂಪು ಬರಹ ನನ್ನದೇ.