ಅಂಡಮಾನಿಗೆಂದು ಕೂಡಿಟ್ಟ ಮೈಲುಗಳು

ನನ್ನ ನಿಶ್ಚಿತಾರ್ಥ ಆದ ಮೇಲೆ ಅಪ್ಪ ನನ್ನ ಸಂಬಳದಿಂದ ಮನೆಗೆ ಏನನ್ನೂ ತರಗೊಡಲಿಲ್ಲ. ಅದಕ್ಕೆ ಮೊದಲೂ ಅವರು ಸುಲಭವಾಗಿ ಒಪ್ಪುತ್ತಿದ್ದವರಲ್ಲ. ಫ್ರಿಜ್ ಕೆಟ್ಟಾಗ ನಾನು ಹೊಸದು ತರಿಸಿದರೆ ಮರುದಿನವೇ ಅದರ ಬೆಲೆ ನನ್ನ ಖಾತೆಗೆ ಬಂದು ಬಿದ್ದಿತ್ತು. ಈಗಂತೂ ನಾವಿದ್ದ ಫರೀದಾಬಾದಿನ ಮೆಟ್ರೊ ನಿಲ್ದಾಣದ ಹೊರಗೆ ಕೊಂಡ ಸೇಬಿಗೂ ಲೆಕ್ಕ ಕೇಳುತ್ತಿದ್ದರು. ಇನ್ನೊಂದು ಮನೆಗೆ ಹೋಗುವ ಹುಡುಗಿಯ ದುಡ್ಡಿನಲ್ಲಿ ತಂದೆ ತಾಯಿ ಉಣ್ಣಬಾರದು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯ ಬಿದ್ದಿರಲಿಲ್ಲ.

ಅದೇ ಸಮಯದಲ್ಲಿ ಅಮ್ಮ ಒಂದು ಆಸೆಯನ್ನು ಹೇಳಿಕೊಂಡಳು. ಅಪ್ಪ ಕೇಂದ್ರ ಸರ್ಕಾರದ ಒಂದು ಇಲಾಖೆಯ ಲೆಕ್ಕಪತ್ರ ವಿಭಾಗಕ್ಕೆ ಗುಮಾಸ್ತರಾಗಿ ಸೇರಿ, ಅಲ್ಲಿಯೇ ಅಧಿಕಾರಿಯಾಗಿ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ನೌಕರಿಯಲ್ಲಿ ಇದ್ದಷ್ಟು ಕಾಲ ರಜೆಯ ಪ್ರಯಾಣಕ್ಕೆ ಸರ್ಕಾರ ಹಣ ಕೊಡುತ್ತಿತ್ತು. ಆ ಹಣದಲ್ಲಿ ದೇಶದ ಬೇರೆ ಕಡೆಗೂ ಹೋಗಬಹುದಿತ್ತು, ಆದರೆ ನಾವು ಪ್ರತಿಸಲವೂ ರೈಲು ಹತ್ತಿ ಅಪ್ಪನ ಊರಿಗೇ ಹೋದೆವು. ಅಲ್ಲಿ ನಾನೂ ತಮ್ಮನೂ ಆಡಿಕೊಂಡಿದ್ದೆವು, ಅಪ್ಪ ಅಣ್ಣತಮ್ಮಂದಿರ ಜೊತೆ ಹರಟೆ ಹೊಡೆಯುತ್ತಿದ್ದರು.

"ನಿಮಗೆಲ್ಲ ರಜ," ಎಂದಳು ಅಮ್ಮ. "ನನಗೆ ಅಡುಗೆಮನೆ ಬದಲಾಗ್ತಿತ್ತು, ಅಷ್ಟೆ."

ಕೆಳಗಿನ ಮಹಡಿಯ ಪಂಜಾಬಿ ಆಂಟಿ ಆಗತಾನೆ ಅಂಡಮಾನ್ ನೋಡಿಕೊಂಡು ಬಂದಿದ್ದರು. ಅಲ್ಲಿನ ಹೋಟೆಲಿನಲ್ಲಿ ಬೆಳಿಗ್ಗೆ ಎದ್ದರೆ ಚಹಾ ಕೋಣೆಯ ಬಾಗಿಲಿಗೇ ಬರುತ್ತದೆಂದು ಅಮ್ಮನಿಗೆ ಹೇಳಿದ್ದರು. ಸಮುದ್ರದ ಬಗ್ಗೆಯೂ ಹೇಳಿರಬೇಕು, ಆದರೆ ಅಮ್ಮ ನಮಗೆ ಮತ್ತೆ ಮತ್ತೆ ಹೇಳಿದ್ದು ಚಹಾದ ವಿಷಯ.

"ನಿನ್ನ ಮದುವೆಗೆ ಮುಂಚೆ ಒಂದ್ಸಲ, ನಾವು ನಾಲ್ಕೇ ಜನ, ನೆಂಟರಿಲ್ಲದ ಊರಿಗೆ ಹೋಗಿ ಬರೋಣ ಕಣೆ," ಎಂದಳು.

ಟಿಕೆಟ್ಟು ನಾನು ತೆಗೆಸುತ್ತೇನೆ ಎಂದೆ. ಪತ್ರಿಕೆ ಓದುತ್ತಿದ್ದ ಅಪ್ಪ ತಲೆ ಎತ್ತದೆ, "ಬೇಡಮ್ಮ," ಎಂದರು. ಅವರ "ಬೇಡಮ್ಮ"ದ ಮೇಲೆ ಮಾತು ಬೆಳೆಸುವುದು ನನಗೆ ಎಂದೂ ಸಾಧ್ಯವಾಗಿಲ್ಲ. ತಾವೇ ಕರೆದುಕೊಂಡು ಹೋಗುವುದಾಗಿಯೂ ಅವರು ಹೇಳಲಿಲ್ಲ. ನಿವೃತ್ತಿಯಲ್ಲಿ ಕೈಗೆ ಬಂದದ್ದನ್ನು ಅವರು ಮದುವೆಗೆಂದು ತೆಗೆದಿಟ್ಟಿದ್ದರು.

ನನ್ನ ಕಚೇರಿ ನೋಯ್ಡಾದಲ್ಲಿ. ಅಲ್ಲಿ ಊಟಕ್ಕೆ ಕೂತಾಗ ಒಬ್ಬ ಸಹೋದ್ಯೋಗಿ ಮನೆಯವರನ್ನೆಲ್ಲ ಗೋವಾಕ್ಕೆ ಕರೆದುಕೊಂಡು ಹೋದ ಕತೆ ಹೇಳುತ್ತಿದ್ದ. "ಟಿಕೆಟ್ ತೋ ಫ್ರೀ ಥಾ," ಎಂದ. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದಂತೆಲ್ಲ ಪಾಯಿಂಟ್ ಬರುತ್ತದೆ, ಅದನ್ನು ವಿಮಾನ ಕಂಪನಿಯ ಮೈಲ್ಸ್ ಆಗಿ ಬದಲಾಯಿಸಿಕೊಂಡರೆ ಟಿಕೆಟ್ಟು ಸಿಗುತ್ತದೆ ಎಂದು ವಿವರಿಸಿದ. ನನ್ನ ಕಿವಿಗೆ ಬಿದ್ದದ್ದು ಫ್ರೀ ಎಂಬ ಒಂದೇ ಮಾತು. ಅಪ್ಪ ನನ್ನ ದುಡ್ಡು ಮುಟ್ಟದಿದ್ದರೂ, ನಿಯಮದ ಪ್ರಕಾರ ಬರುವುದನ್ನು ಎಂದೂ ಬೇಡ ಎಂದವರಲ್ಲ. ಕಾರ್ಡ್ ಕೊಡುವ ಟಿಕೆಟ್ಟನ್ನು ಅವರು ಒಪ್ಪಿಕೊಳ್ಳಬಹುದು ಎನ್ನಿಸಿತು.

ಯಾವ ಕಾರ್ಡ್ ಎಂದು ತೀರ್ಮಾನಿಸಲು ತುಂಬ ದಿನ ಹಿಡಿಯಿತು. ಕಚೇರಿಗೆ ಹೋಗುವಾಗಲೂ ಬರುವಾಗಲೂ, ಕಾಲ್ಕಾಜಿಯಲ್ಲಿ ಮೆಟ್ರೊ ಬದಲಿಸಲು ನಿಂತಲ್ಲಿಯೂ ಅದನ್ನೇ ಓದುತ್ತಿದ್ದೆ. ಒಂದು ಕಾರ್ಡಿನ ಪಾಯಿಂಟ್ ಒಂದೇ ವಿಮಾನ ಕಂಪನಿಗೆ ಸಲ್ಲುತ್ತಿತ್ತು. ಇನ್ನೊಂದು ಹಲವು ಕಂಪನಿಗಳಿಗೆ ಸಲ್ಲುತ್ತಿತ್ತು, ಆದರೆ ವಾರ್ಷಿಕ ಶುಲ್ಕ ಹೆಚ್ಚು. ಮತ್ತೊಂದು ಅಷ್ಟೂ ಪಾಯಿಂಟನ್ನು ಮೊದಲ ತಿಂಗಳಲ್ಲೇ ಸುರಿಯುವಂತೆ ತೋರಿಸಿ, ಸಣ್ಣ ಅಕ್ಷರದಲ್ಲಿ ಬಾಡಿಗೆ, ಪೆಟ್ರೋಲು, ಚಿನ್ನ ಇವಕ್ಕೆ ಏನೂ ಇಲ್ಲ ಎನ್ನುತ್ತಿತ್ತು. ನಾನು ಲೆಕ್ಕಕ್ಕೆ ಹೆದರುವವಳಲ್ಲ. ಆದರೆ ಇಲ್ಲಿ ಹೋಲಿಸಬೇಕಾದ ಎರಡು ವಸ್ತುಗಳು ಎಂದೂ ಒಂದೇ ಅಳತೆಯಲ್ಲಿ ಇರುತ್ತಿರಲಿಲ್ಲ. ಕೊನೆಗೆ ಒಂದು ಭಾನುವಾರ ಅಪ್ಪನ ಮುಂದೆಯೇ ಲ್ಯಾಪ್‌ಟಾಪ್ ಇಟ್ಟೆ.

ಅಪ್ಪ ಕನ್ನಡಕ ಹಾಕಿಕೊಂಡು ನಿಬಂಧನೆಗಳನ್ನು ಮೊದಲಿನಿಂದ ಓದತೊಡಗಿದರು. ನಿವೃತ್ತರಾದ ಮೇಲೆ ಅವರನ್ನು ಅಷ್ಟು ಖುಷಿಯಾಗಿ ನೋಡಿರಲಿಲ್ಲ.

"ಇದನ್ನ ಬರೆದವನು ನಮ್ಮ ಇಲಾಖೆಯಲ್ಲೇ ಇದ್ದಿರಬೇಕು," ಎಂದರು. "ಮೊದಲನೇ ಪ್ಯಾರಾದಲ್ಲಿ ಕೊಡ್ತಾನೆ, ಹನ್ನೊಂದನೇ ಪ್ಯಾರಾದಲ್ಲಿ ಕಿತ್ಕೋತಾನೆ."

"ಅಪ್ಪಾ, ಲೌಂಜ್ ದೇಖೋ ನಾ," ಎಂದ ತಮ್ಮ. ಅವನು ಇಲ್ಲಿಯೇ ಹುಟ್ಟಿ ಬೆಳೆದವನು, ಆಗ ಕಾಲೇಜಿನ ಕೊನೆಯ ವರ್ಷದಲ್ಲಿದ್ದ. "ಏರ್‌ಪೋರ್ಟಲ್ಲಿ ಖಾನಾ ಫ್ರೀ. ಅಮ್ಮ ಪುಳಿಯೋಗರೆ ಕಟ್ಕೊಳ್ಳೋದು ಬೇಡ."

"ನೀನು ತಿನ್ನೋ ಅಷ್ಟು ತಿಂದ್ರೆ ಲೌಂಜ್ ಮುಚ್ಚಿಬಿಡ್ತಾರೆ," ಎಂದಳು ಅಮ್ಮ.

ಅಪ್ಪ ನನ್ನ ಕಡೆ ತಿರುಗಿದರು. "ಇದು ನಿನ್ನ ದುಡ್ಡಲ್ಲ ತಾನೆ?"

"ಅಲ್ಲಪ್ಪ. ಬ್ಯಾಂಕಿನವರು ಕೊಡೋದು."

"ಯಾಕೆ ಕೊಡ್ತಾರೆ?"

"ಖರ್ಚು ಮಾಡಿದ್ದಕ್ಕೆ."

"ಉಳಿಸಿದ್ದಕ್ಕೆ ಕೊಡಲ್ಲ," ಎಂದು ನಕ್ಕರು. ಆಮೇಲೆ ಹಲವು ವಿಮಾನ ಕಂಪನಿಗಳಿಗೆ ಸಲ್ಲುವ ಕಾರ್ಡಿನ ಮೇಲೆ ಬೆರಳಿಟ್ಟು, "ಇದು ಸರಿ. ಶುಲ್ಕ ಇದೆ, ಆದರೆ ಸುಳ್ಳು ಕಡಿಮೆ," ಎಂದರು. ಶುಲ್ಕವನ್ನು ಆ ಸಂಜೆಯೇ ನನಗೆ ಕಳುಹಿಸಿದರು.

ಕಾರ್ಡ್ ಬಂತು. ನನ್ನ ಖರ್ಚುಗಳು ಸಣ್ಣವು. ಮೆಟ್ರೊ, ಮಧ್ಯಾಹ್ನದ ಊಟ, ಆಗೊಮ್ಮೆ ಈಗೊಮ್ಮೆ ಒಂದು ಪುಸ್ತಕ. ಆ ವೇಗದಲ್ಲಿ ಅಂಡಮಾನ್ ತಲುಪಲು ನನ್ನ ಮದುವೆಯನ್ನು ಕೆಲವು ವರ್ಷ ಮುಂದೂಡಬೇಕಾಗುತ್ತಿತ್ತು. ಇದು ಅಪ್ಪನಿಗೂ ಕಂಡಿತು. ಮದುವೆಯ ಖರ್ಚನ್ನೆಲ್ಲ ಆ ಕಾರ್ಡಿನಲ್ಲೇ ಮಾಡೋಣ, ಅಂದಂದಿನದನ್ನು ತಾವು ಅಂದಂದೇ ನನ್ನ ಖಾತೆಗೆ ಹಾಕುವುದಾಗಿ ಹೇಳಿದರು. ನಾನು ಇದನ್ನು ಮೊದಲೇ ಊಹಿಸಬೇಕಿತ್ತು. ಊಹಿಸಿರಲಿಲ್ಲ.

ಹೀಗೆ ನಾವು ಕರೋಲ್ ಬಾಗಿನ ಪೇಟೆಗೆ ಹೋದೆವು. ಸೀರೆ ಅಂಗಡಿಯವನು ಕಾರ್ಡ್ ನೋಡಿದ ಕೂಡಲೇ ಎರಡು ಪರ್ಸೆಂಟ್ ಹೆಚ್ಚು ಕೇಳಿದ. ಮಗಳ ಮದುವೆ ಎಂದು ಅಮ್ಮ ತನ್ನ ಹಿಂದಿಯಲ್ಲಿ ಜಗಳಕ್ಕೆ ನಿಂತಳು.

"ಭಯ್ಯಾ, ಹಮಾರಾ ಬೇಟಿ ಕಾ ಶಾದಿ ಹೈ."

"ಆಂಟೀಜೀ, ಯಹಾಂ ಸಬ್ ಕೀ ಬೇಟಿ ಕೀ ಶಾದಿ ಹೈ," ಎಂದ ಅವನು, ಇಲ್ಲಿ ಎಲ್ಲರದೂ ಮಗಳ ಮದುವೆಯೇ ಎಂದು ಸುತ್ತ ಕೂತಿದ್ದವರನ್ನೆಲ್ಲ ತೋರಿಸಿ. ಪಕ್ಕದಲ್ಲಿ ಸೀರೆ ಬಿಡಿಸಿಕೊಂಡು ಕೂತಿದ್ದ ಹೆಂಗಸರು ನಕ್ಕರು. ಅಮ್ಮನೂ ನಕ್ಕಳು. ಎರಡು ಪರ್ಸೆಂಟ್ ಒಂದಕ್ಕೆ ಇಳಿಯಿತು.

ರಿಕ್ಷಾದಲ್ಲಿ ಕೂತ ಮೇಲೆ ಅಮ್ಮ ಕೇಳಿದಳು, "ಎಲ್ಲೀತನಕ ಬಂದ್ವಿ?" ಕೂಡಿದ ಪಾಯಿಂಟನ್ನು ಅವಳು ದೂರವಾಗಿ ಎಣಿಸುತ್ತಿದ್ದಳು. ಕಾನ್ಪುರ ದಾಟಿದ್ದೇವೆ ಎಂದೆ. ಕಲ್ಯಾಣಮಂಟಪದ ಮುಂಗಡ ಕೊಟ್ಟ ದಿನ ಪಟ್ನಾ. ಅಡುಗೆಯವರಿಗೆ ಕೊಟ್ಟಾಗ ಕಲಕತ್ತೆ ಬಂತು, ಮುಂದೆ ನೀರು. ಚಿನ್ನಕ್ಕೆ ಈ ಕಾರ್ಡಿನಲ್ಲೂ ಪಾಯಿಂಟ್ ಇರಲಿಲ್ಲ, ಅದನ್ನು ಕೊಂಡ ದಿನ ನಾವು ಇದ್ದಲ್ಲೇ ಇದ್ದೆವು. ಅಷ್ಟೊಂದು ಖರ್ಚು ಮಾಡಿ ಒಂದು ಹೆಜ್ಜೆಯೂ ಮುಂದೆ ಹೋಗದಿದ್ದುದಕ್ಕೆ ಅವಳಿಗೆ ನಿಜವಾಗಿಯೂ ಬೇಸರವಾಯಿತು.

ಪ್ರತಿ ಸಂಜೆ ಅಪ್ಪನ ಹಣ ನನ್ನ ಖಾತೆಗೆ ಬರುತ್ತಿತ್ತು. ಆ ಹಣ ಎಲ್ಲಿಯದೆಂದು ನನಗೆ ಗೊತ್ತಿತ್ತು. ಅಪ್ಪ ಅಮ್ಮನಿಗೆ ನಾನು ಕೊಡುವ ಪ್ರವಾಸ ಎಂದು ಶುರು ಮಾಡಿದ್ದೆ. ಈಗ ಅವರೇ ತಮ್ಮ ನಿವೃತ್ತಿಯ ದುಡ್ಡನ್ನು ನನ್ನ ಮದುವೆಗೆ ಸುರಿಯುತ್ತ, ಆ ಸುರಿದದ್ದರ ಅಂಚಿನಿಂದ ನಾಲ್ಕು ಟಿಕೆಟ್ಟು ಗಳಿಸುತ್ತಿದ್ದರು. ಮದುವೆ ಸಣ್ಣದಾಗಿ ಮಾಡೋಣ ಎಂದು ಒಮ್ಮೆ ಹೇಳಿದೆ. "ನೀನು ಸುಮ್ನಿರು," ಎಂದರು, ಕೋಪವಿಲ್ಲದೆ. ಪಾಯಿಂಟ್ ಎಷ್ಟಾಯಿತೆಂದು ದಿನವೂ ನನ್ನ ಫೋನಿನಲ್ಲಿ ನೋಡುವುದು ಅವರಿಗೆ ಹೊಸ ಕೆಲಸವಾಗಿತ್ತು.

ನಾಲ್ಕು ಜನಕ್ಕೆ ಹೋಗಿ ಬರುವಷ್ಟು ಆದಾಗ ಬ್ಯಾಂಕಿನಿಂದ ಒಂದು ಮೇಲ್ ಬಂತು. ಮುಂದಿನ ತಿಂಗಳಿಂದ ಅಷ್ಟೇ ಪಾಯಿಂಟಿಗೆ ಕಡಿಮೆ ಮೈಲ್ಸ್ ಸಿಗುತ್ತದೆ ಎಂದಿತ್ತು. "ನೋಡಿದ್ಯಾ, ಹನ್ನೊಂದನೇ ಪ್ಯಾರಾ," ಎಂದರು ಅಪ್ಪ. ಅಂದೇ ಎಲ್ಲವನ್ನೂ ವಿಮಾನ ಕಂಪನಿಗೆ ವರ್ಗಾಯಿಸಿದೆ. ನಾವು ಅಂದುಕೊಂಡ ದಿನಗಳಿಗೆ ಸೀಟುಗಳೂ ಕಂಡವು. ಆಗಲೇ ತೆಗೆಸಿಬಿಡೋಣ ಎಂದೆ. ಮದುವೆಯ ದಿನ ಗೊತ್ತಾಗಿದ್ದರೂ ಮುಹೂರ್ತದ ಗಳಿಗೆ ಗಟ್ಟಿಯಾಗದೆ ಬೇರೆ ಪ್ರಯಾಣಕ್ಕೆ ದಿನ ಇಡುವುದು ಬೇಡ ಎಂದಳು ಅಮ್ಮ. ಪುರೋಹಿತರು ಭಾನುವಾರ ಬರುವವರಿದ್ದರು. ಮೂರು ದಿನಕ್ಕೆ ಏನಾಗುತ್ತದೆ ಎಂದು ನಾನೂ ಸುಮ್ಮನಾದೆ.

ಭಾನುವಾರ ಮುಹೂರ್ತ ನಿಶ್ಚಯವಾಯಿತು. ಸಂಜೆ ಹುಡುಗನ ತಂದೆ ಮೈಸೂರಿನಿಂದ ಫೋನ್ ಮಾಡಿದರು. ಅಪ್ಪ ಸ್ಪೀಕರ್ ಹಾಕಿ ಮಾತಾಡುವವರು, ಹಾಗಾಗಿ ನಾವೆಲ್ಲ ಕೇಳಿಸಿಕೊಂಡೆವು.

"ನಮ್ಮ ತಾಯಿ ಬರಲೇಬೇಕು ಅಂತ ಕೂತಿದಾರೆ," ಎಂದರು ಅವರು. "ಮೊಮ್ಮಗನ ಧಾರೆ ನೋಡಬೇಕಂತೆ. ಮಗ ಕೆಲಸದ ಊರಿಂದ ನೇರವಾಗಿ ಬರ್ತಾನೆ, ನಾವಿಬ್ಬರು, ತಾಯಿ, ಮೂರು ಜನ ರೈಲಲ್ಲಿ ನಿಧಾನಕ್ಕೆ ಬಂದ್ಬಿಡ್ತೀವಿ. ನೀವು ಏನೂ ತೊಂದರೆ ತಗೋಬೇಡಿ."

"ಛೆ ಛೆ, ಎಲ್ಲಾದರೂ ಉಂಟಾ? ಅಜ್ಜೀನ ಎರಡು ದಿನ ರೈಲಲ್ಲಿ ಕೂರಿಸ್ತೀರಾ? ವಿಮಾನದಲ್ಲಿ ಬನ್ನಿ. ಟಿಕೆಟ್ ನಮ್ಮ ಜವಾಬ್ದಾರಿ."

"ಅಯ್ಯೋ, ಬೇಡಿ, ಅದೆಲ್ಲ ಯಾಕೆ?"

"ಇಲ್ಲ ಇಲ್ಲ, ಆಗಲೇ ಮಾಡಿ ಆಯ್ತು ಅಂದ್ಕೊಳ್ಳಿ."

ಅವರು ನಿಜವಾಗಿಯೂ ಏನನ್ನೂ ಕೇಳಿರಲಿಲ್ಲ. ಅಪ್ಪನೂ ಹೆಣ್ಣಿನ ತಂದೆ ಆಡುವ ಮಾತನ್ನಷ್ಟೇ ಆಡಿದ್ದರು. ಫೋನ್ ಇಟ್ಟ ಮೇಲೆ ಆ ದಿನಗಳ ಟಿಕೆಟ್ಟಿನ ಬೆಲೆ ನೋಡು ಎಂದರು. ಎಲ್ಲ ಕಡೆ ಮದುವೆಯ ಕಾಲ. ಬೆಲೆ ಹೇಳಿದೆ. ಅವರು ನನ್ನ ಫೋನಿನಲ್ಲಿ ಮೈಲ್ಸ್ ಎಷ್ಟಿದೆಯೆಂದು ನೋಡಿದರು.

"ಆ ಮೈಲ್ಸ್‌ನಲ್ಲಿ ಬೆಂಗಳೂರಿಂದ ಮೂರು ಜನ ಬಂದು ಹೋಗೋಕಾಗುತ್ತಾ?"

"ಆಗುತ್ತೆ, ಆದರೆ ಏನೂ ಉಳಿಯಲ್ಲ. ಅದು ಅಂಡಮಾನಿಗಪ್ಪ."

"ಗೊತ್ತಮ್ಮ. ಆದರೆ ನೋಡು, ಅದು ಬಂದಿದ್ದು ಮದುವೆ ಬಾಬ್ತಿನ ಖರ್ಚಿಂದ. ಒಂದು ಬಾಬ್ತಿಂದ ಬಂದಿದ್ದನ್ನ ಇನ್ನೊಂದಕ್ಕೆ ಹಾಕೋದು ಸರಿಯಲ್ಲ. ಮದುವೆಯದು ಮದುವೆಗೇ ಹೋಗಬೇಕು."

ಕಚೇರಿಯಲ್ಲಿ ಜೀವಮಾನವಿಡೀ ಅವರು ಇತರರ ಕಡತಗಳ ಮೇಲೆ ಬರೆದ ಆಕ್ಷೇಪ ಅದು. ತಮ್ಮ ಮನೆಗೂ ಅದನ್ನೇ ಬರೆಯುತ್ತಿದ್ದರು.

"ಅವರ ಟಿಕೆಟ್ ನಾನು ತೆಗೆಸ್ತೀನಿ," ಎಂದೆ.

"ಬರೋ ಸೊಸೆ ದುಡ್ಡಲ್ಲಿ ಬೀಗರು ಬಂದಿಳಿದ್ರು ಅಂತ ಆಗಬೇಕಾ? ನನಗೆ ಬಿಡು, ಅವರಿಗೆ ಹೇಗಿರುತ್ತೆ?"

"ಅಪ್ಪಾ, ಯೇ ತೋ ಚೀಟಿಂಗ್ ಹೈ," ಎಂದ ತಮ್ಮ. "ಅಮ್ಮ ಬೀಚ್‌ಗೆ ಅಂತ ಚಪ್ಪಲ್ ಕೂಡ ತಗೊಂಡಿದಾರೆ."

ಅಮ್ಮ ಊಟದ ಮೇಜಿನ ಮೇಲೆ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. "ಚಪ್ಪಲಿ ಎಲ್ಲಾದರೂ ಹಾಕ್ಕೋಬಹುದು ಕಣೋ," ಎಂದಳು. "ಪಾಪ, ಆ ವಯಸ್ಸಲ್ಲಿ ಅಷ್ಟು ದೂರ ರೈಲಲ್ಲಿ ಕೂರಕ್ಕಾಗುತ್ತಾ?"

ಹುಡುಗನಿಗೆ ಒಂದು ಮಾತು ತಿಳಿಸಿದ್ದರೆ ಅವನೇ ಟಿಕೆಟ್ಟು ಮಾಡಿಸುತ್ತಿದ್ದ. ಆದರೆ ಆಗ ಅಪ್ಪ ಬೀಗರಿಗೆ ಕೊಟ್ಟ ಮಾತು ನನ್ನಿಂದಾಗಿ ಮುರಿದಂತಾಗುತ್ತಿತ್ತು. ಫೋನ್ ಕೈಯಲ್ಲಿ ಹಿಡಿದು ಬಾಲ್ಕನಿಗೆ ಹೋದೆ. ಅವನಿಗೆ ಫೋನ್ ಮಾಡದೆಯೇ ಒಳಗೆ ಬಂದೆ.

ಮುಂದಿನ ವರ್ಷ ಖಂಡಿತ ಹೋಗೋಣ ಎಂದು ಅಮ್ಮನಿಗೆ ಹೇಳಿದೆ.

"ಮುಂದಿನ ವರ್ಷ ನೀನು ಅವರ ಮನೆಯವಳು," ಎಂದಳು ಅವಳು. ಧ್ವನಿಯಲ್ಲಿ ದೂರು ಇರಲಿಲ್ಲ. "ಆಗ ನೀನು ಕರೆದರೆ ನಿಮ್ಮಪ್ಪ ಬರ್ತಾರಾ? ಇವಾಗಲೇ ಬರಲಿಲ್ಲ."

ಟಿಕೆಟ್ಟು ಮಾಡಲು ಕೂತಾಗ ಅಪ್ಪ ನನ್ನ ಬಲಕ್ಕೆ, ಅಮ್ಮ ಎಡಕ್ಕೆ ಕೂತರು. ಅಪ್ಪ ಮೂವರ ಹೆಸರನ್ನೂ ಒಂದೊಂದೇ ಅಕ್ಷರವಾಗಿ ಹೇಳಿದರು. ಅಜ್ಜಿಗೆ ಗಾಲಿಕುರ್ಚಿ ಬೇಕೆಂದು ಗುರುತು ಹಾಕಿಸಿದರು. ಊಟ ಸಕ್ಕರೆ ಇಲ್ಲದ್ದು ಇರಲಿ ಎಂದಳು ಅಮ್ಮ.

"ಇನ್ನೊಂದು ವಿಷಯ," ಎಂದರು ಅಪ್ಪ, ತಗ್ಗಿದ ದನಿಯಲ್ಲಿ. "ಪಾಯಿಂಟ್‌ನಲ್ಲಿ ಮಾಡಿದ್ದು ಅಂತ ಅಲ್ಲಿ ಯಾರಿಗೂ ಹೇಳಬೇಡ. ದುಡ್ಡು ಕೊಟ್ಟೇ ತೆಗೆಸಿದ್ದು ಅಂತಿರಲಿ. ಬಿಟ್ಟಿ ಟಿಕೆಟ್ಟಲ್ಲಿ ಕರೆಸಿದ್ರು ಅಂದ್ಕೋಬಾರದು."

ಹೇಳುವುದಿಲ್ಲ ಎಂದೆ. ಸೀಟುಗಳ ಚಿತ್ರ ತೆರೆದುಕೊಂಡಿತು. ಯಾವುದು ಕೊಡಲಿ ಎಂದು ಕೇಳಿದೆ.

ಅಮ್ಮ ಫೋನಿನ ಹತ್ತಿರ ಬಾಗಿದಳು. ಅವಳು ಇವತ್ತಿಗೂ ವಿಮಾನ ಹತ್ತಿದವಳಲ್ಲ, ರೆಕ್ಕೆ ಯಾವುದು ಬಾಗಿಲು ಯಾವುದು ಎಂದು ನನ್ನನ್ನು ಕೇಳಿ ತಿಳಿದುಕೊಂಡಳು. ಆಮೇಲೆ ರೆಕ್ಕೆಗಿಂತ ಮುಂದೆ, ಬಲಗಡೆಯ ಒಂದು ಚೌಕವನ್ನು ತೋರಿಸಿದಳು.

"ಅಜ್ಜಿಗೆ ಇದು ಕೊಡು. ಕಿಟಕಿ ಪಕ್ಕ. ಹೊರಗೆ ಏನಾದರೂ ಕಾಣುತ್ತೆ."