ಭಾಲ್ಕಿಯ ಬಾಗಿಲಲ್ಲಿ ನಿಂತ ಮೇಟ್ರನ್ ಬಾಯಿ

೧೯೫೧, ಫೆಬ್ರವರಿ ೧೨, ಸೋಮವಾರ. ಬೆಳಿಗ್ಗೆ ಆರೂವರೆ. ಬೀದರ, ಮೈಲೂರ.

ಆಕೆಯ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದೇ ಇರುತ್ತಿತ್ತು. ಬಲಗಣ್ಣು ಎದುರಿನವಳನ್ನು ಬೈಯುವಾಗ ಎಡಗಣ್ಣು ಯಾರನ್ನು ನೋಡುತ್ತಿದೆ ಎಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಒಬ್ಬಳಿಗೆ ಬೈಗುಳ ಬಿದ್ದರೆ ಸಾಲಿನಲ್ಲಿ ನಿಂತ ಹುಡುಗಿಯರೆಲ್ಲ ಒಟ್ಟಿಗೇ ತಲೆ ತಗ್ಗಿಸುತ್ತಿದ್ದೆವು. ಗಂಜಿ ಹಾಕಿದ ಬಿಳಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಕತ್ತರಿ, ಬಾಯಲ್ಲಿ ಒಂದು ಲವಂಗ. ಲವಂಗದ ವಾಸನೆ ಬಂದರೆ ನಾನು ಈಗಲೂ ನನ್ನ ಉಗುರಿನ ಸಂದಿ ನೋಡಿಕೊಳ್ಳುತ್ತೇನೆ.

ಆಕೆ ಸತ್ತ ಸುದ್ದಿ ನಿನ್ನೆ ಬಂತು. ಹೈದರಾಬಾದಿನಲ್ಲಿ ತೀರಿಹೋದಳಂತೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡುವ ಧೈರ್ಯ ನಮಗಿರಲಿಲ್ಲ. ಈಗಲೂ ಆಡದಿದ್ದರೆ ಇನ್ನು ಯಾವಾಗ?

ನಾನು ಕಮಠಾಣದ ಕುರಿ ಸಾಕುವ ಮನೆಯವಳು. ಏಳನೆಯ ತರಗತಿ ಮುಗಿಸಿ, ಪೊಲೀಸ್ ಕಾರ್ಯಾಚರಣೆಯ ಹಿಂದಿನ ವರ್ಷ ಬೀದರಿನ ದವಾಖಾನೆಯೊಂದರಲ್ಲಿ ಹೆರಿಗೆ ಮಾಡಿಸಲು ಕಲಿಯುವ ಹುಡುಗಿಯರ ತಂಡಕ್ಕೆ ಸೇರಿದೆ. ನಮಗೆ ಕಲಿಸುವವಳು ಆಕೆ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಡಾಕ್ಟರರಿಂದ ಹಿಡಿದು ಕಸ ಗುಡಿಸುವವಳ ತನಕ ಎಲ್ಲರಿಗೂ ಮೇಟ್ರನ್ ಬಾಯಿ. ಪಾಠ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ. ಬೈಗುಳವಾದರೂ ಪೂರ್ತಿ ತಿಳಿಯಲಿ ಎಂಬುದು ಆಕೆಯ ಉದಾರತೆ. ಮೊದಲ ತಿಂಗಳ ಕೊನೆಗೆ ದಿನಚರಿಯಲ್ಲಿ ಲೆಕ್ಕ ಹಾಕಿದ್ದೇನೆ: ನನಗೆ ಬಿದ್ದ ಬೈಗುಳ ಮೂವತ್ತೊಂದು, ಶಾಭಾಷ್ ಸೊನ್ನೆ. ಎರಡನೆಯ ತಿಂಗಳು ಎಣಿಸುವುದನ್ನು ಬಿಟ್ಟೆ.

ಕಲಿಸಲು ಆಕೆಯ ಬಳಿ ತಳ ಕೊಯ್ದ ಬಿದಿರಿನ ಬುಟ್ಟಿಯೊಂದಿತ್ತು, ಅರಿವೆ ತುಂಬಿದ ಗೊಂಬೆಯೊಂದಿತ್ತು. ಬುಟ್ಟಿ ತಾಯಿ, ಗೊಂಬೆ ಕೂಸು. ಒಂದು ದಿನ ನಾನು ಅವಸರದಲ್ಲಿ ಎಳೆದೆ. ಗೊಂಬೆಯ ಕುತ್ತಿಗೆಯ ಹೊಲಿಗೆ ಬಿಚ್ಚಿ ತಲೆ ಕೈಗೆ ಬಂತು. ಹುಡುಗಿಯರು ಕಿಸಕ್ಕನೆ ನಕ್ಕರು. ಆಕೆ ನಗಲಿಲ್ಲ.

"ಕೊಂದಿ," ಎಂದಳು. "ಈಗ ಅದರವ್ವಗ ಏನ್ ಹೇಳ್ತಿ? ಹೇಳು."

"ಬಾಯಿಸಾಬ, ಬುಟ್ಟಿಗಿ ಏನ್ ಹೇಳ್ಲಿರಿ?"

"ಕುರಿ ಈಯಿಸಿದ ಕೈ ಅದು. ಕುರಿ ಅವ್ವ ಕೇಳಂಗಿಲ್ಲ, ಮನಷ್ಯಾರ ಅವ್ವ ಕೇಳ್ತಾಳ. ಹೇಳು!"

ನಾನು ಆ ಬುಟ್ಟಿಯ ಮುಂದೆ ಮೊಣಕಾಲೂರಿ, "ಅವ್ವಾ, ನಿನ್ನ ಕೂಸಿನ್ನ ನಾ ಕೊಂದೀನಿ" ಎಂದು ಹೇಳಬೇಕಾಯಿತು. ಸಣ್ಣ ದನಿಯಲ್ಲಿ ಹೇಳಿದೆ ಎಂದು ಮತ್ತೊಮ್ಮೆ ಹೇಳಿಸಿದಳು. ಅಂದಿನಿಂದ ತಂಡ ಮುಗಿಯುವ ತನಕ ನನ್ನ ಹೆಸರು "ಕಮಠಾಣದ ಕುರಿ" ಎಂದೇ ಆಯಿತು.

ಆ ನಗುವ ಹುಡುಗಿಯರಲ್ಲಿ ನಗದೇ ಇದ್ದವಳು ಒಬ್ಬಳೇ. ಔರಾದಿನ ಕಡೆಯಿಂದ ಬಂದ, ನನಗಿಂತ ಎರಡು ವರ್ಷ ದೊಡ್ಡವಳಾದ ಹೆಣ್ಣುಮಗಳು. ನಾನು ಅಕ್ಕ ಎನ್ನುತ್ತಿದ್ದೆ. ಮದುವೆಯಾಗಿ ವರ್ಷವಾಗಿರಲಿಲ್ಲ, ಗಂಡ ಬಂಡಿ ಹೊಡೆಯುವವನು, ಅವನೇ ಒತ್ತಾಯ ಮಾಡಿ ಕಲಿಯಲು ಕಳಿಸಿದ್ದ. ತಿಂಗಳಿಗೊಮ್ಮೆ ಬಂಡಿಯಲ್ಲಿ ಜೋಳ ಹೇರಿಕೊಂಡು ಬಂದು ದವಾಖಾನೆಯ ಗೇಟಿನಲ್ಲಿ ನಿಂತು ಶೇಂಗಾ ಹೋಳಿಗೆ ಕೊಟ್ಟು ಹೋಗುತ್ತಿದ್ದ. ಒಳಗೆ ಬಾ ಎಂದರೆ, "ಬ್ಯಾಡ, ನಿಮ್ಮ ಮೇಟ್ರನ್ ನನ್ನೂ ತೊಳಿತಾಳ" ಎನ್ನುತ್ತಿದ್ದ.

ತೊಳೆಯುವುದೇ ಆಕೆಯ ಧರ್ಮವಾಗಿತ್ತು. ಹಂಚಿನ ಮಸಿಯನ್ನು ಕುಸುಬಿ ಎಣ್ಣೆಯಲ್ಲಿ ಕಲಸಿ ನಮ್ಮ ಮೊಣಕೈಯ ತನಕ ಬಳಿಯುತ್ತಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿ, ಸಾಬೂನು ಕೊಟ್ಟು, ತೊಳೀರಿ ಎನ್ನುತ್ತಿದ್ದಳು. ಪಟ್ಟಿ ಬಿಚ್ಚಿದಾಗ ಉಗುರಿನ ಸಂದಿಯಲ್ಲಿ, ಬೆರಳ ಬುಡದಲ್ಲಿ ಎಲ್ಲೆಲ್ಲಿ ಕಪ್ಪು ಉಳಿದಿದೆಯೋ ಅಲ್ಲಲ್ಲಿ ಕತ್ತರಿಯ ತುದಿಯಿಂದ ಕುಟ್ಟಿ ತೋರಿಸುತ್ತಿದ್ದಳು. "ಈ ಮಸಿ ಕಾಣ್ತದ. ಹೊಲಸು ಕಾಣಂಗಿಲ್ಲ. ಇಷ್ಟ ಫರಕು." ತೊಳೆದ ಮೇಲೆ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು, ಸೀರೆಗೆ ಒರೆಸಬಾರದು, ಬೆವರು ಸಹ ಮುಟ್ಟಬಾರದು. "ತೊಳದ ಕೈ ನಿಂದಲ್ಲ, ಬಾಣಂತಿದು." ಈ ಮಾತನ್ನು ಆಕೆ ಎಷ್ಟು ಸಲ ಹೇಳಿದಳೋ!

ಅಕ್ಕನ ಕೈಯಲ್ಲಿ ಪ್ರತಿ ಸಲವೂ ಮಣಿಕಟ್ಟಿನ ಸುತ್ತ ಕಪ್ಪು ಉಂಗುರ ಉಳಿಯುತ್ತಿತ್ತು. ಮದುವೆಯಲ್ಲಿ ತೊಡಿಸಿದ ಹಸಿರು ಗಾಜಿನ ಬಳೆಗಳು. ಕೈಗೆ ಬಿಗಿಯಾಗಿ ಕೂತಿದ್ದವು. ೧೯೪೮ರ ಜುಲೈಯಲ್ಲಿ ಒಂದು ಬೆಳಿಗ್ಗೆ ಮೇಟ್ರನ್ ಬಾಯಿ, "ಬಳಿ ತಗಿ" ಎಂದಳು.

"ಬಾಯಿಸಾಬ, ಪಂಚಮಿಗಿ ಊರಿಗಿ ಹೋಗ್ತೇನ್ರಿ. ಅತ್ತಿನ ಕೇಳಿ ತಗೀತೇನ್ರಿ. ಬರೇ ಕೈಲೆ ಇರಬಾರದ್ರಿ."

"ಪಂಚಮಿ ತನಾ ಯಾರೂ ಹಡಿಯಂಗಿಲ್ಲೇನು?"

ನಮ್ಮ ಕಡೆ ಗಂಡ ಇದ್ದ ಹೆಣ್ಣಿನ ಕೈ ಒಂದು ಗಳಿಗೆಯೂ ಬರಿದಾಗಬಾರದು. ಬಳೆಗಾರ ಹೊಸ ಬಳೆ ತೊಡಿಸುವಾಗಲೂ ಹಳೆಯದೊಂದನ್ನು ಉಳಿಸಿಕೊಂಡೇ ತೊಡಿಸುತ್ತಾನೆ. ಆಕೆಗೆ ಇದು ಗೊತ್ತಿರಲಿಲ್ಲವೆಂದಲ್ಲ. ಇಷ್ಟು ವರ್ಷ ಇಲ್ಲಿನ ಹೆಣ್ಣುಮಕ್ಕಳ ಹೆರಿಗೆ ಮಾಡಿಸಿದವಳು. ಗೊತ್ತಿದ್ದೂ ಅಕ್ಕನ ಕೈಯನ್ನು ಮೇಜಿನ ಮೇಲಿಟ್ಟು ಕತ್ತರಿಯ ಹಿಡಿಯಿಂದ ಕುಟ್ಟಿದಳು. ಗಾಜು ಚುಚ್ಚಿ ರಕ್ತ ಬಂತು. ಅಕ್ಕ ಅಳಲಿಲ್ಲ, ಅರಿಷಿಣ ಹಚ್ಚಿದ ದಾರವೊಂದನ್ನು ಮಣಿಕಟ್ಟಿಗೆ ಕಟ್ಟಿಕೊಂಡಳು. ಮರುದಿನ ಮೇಟ್ರನ್ ಬಾಯಿ ಅದನ್ನೂ ಕತ್ತರಿಸಿದಳು. "ದಾರದಾಗ ಮಸಿ ಇನ್ನೂ ಜಾಸ್ತಿ ನಿಂದರ್ತದ."

ಹೇಳಿದ್ದು ಸರಿಯೇ. ಸರಿಯಿದ್ದುದನ್ನು ಅಷ್ಟು ಕ್ರೂರವಾಗಿ ಮಾಡುವ ಮನುಷ್ಯಳನ್ನು ನಾನು ಆಮೇಲೆ ಕಂಡಿಲ್ಲ.

ಆಗಸ್ಟ್ ಕೊನೆಯ ಹೊತ್ತಿಗೆ ಲೂಟಿ, ಕೊಲೆ ಹೆಚ್ಚಿ ದಾರಿಗಳು ಕೆಟ್ಟವು. ಸೆಪ್ಟೆಂಬರಿನಲ್ಲಿ ಫೌಜು ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಅದಕ್ಕೆ ಸ್ವಲ್ಪ ಮುಂಚೆ ಅಕ್ಕನ ಗಂಡ ಭಾಲ್ಕಿ ಸ್ಟೇಷನ್ನಿಗೆ ಬಂಡಿ ಹೊಡೆದುಕೊಂಡು ಹೋದವನು ತಿರುಗಿ ಬರಲಿಲ್ಲ. ಎತ್ತುಗಳು ಮಾತ್ರ ಮನೆ ಮುಟ್ಟಿದವು. ಹೆಣ ಸಿಕ್ಕಿದ್ದು ಹಳ್ಳದಲ್ಲಿ. ಯಾರು ಕೊಂದರೆಂದು ಇಬ್ಬರು ಎರಡು ಥರ ಹೇಳಿದರು. ನಾನು ಎರಡನ್ನೂ ಬರೆದುಕೊಳ್ಳಲಿಲ್ಲ.

ಅಕ್ಕನ ಅತ್ತೆಗೆ ಯಾರು ಕೊಂದರೆಂಬ ಅನುಮಾನವೇ ಇರಲಿಲ್ಲ. "ಗಂಡ ಇರಾಗ ಬಳಿ ಒಡಿಸ್ಕೊಂಡಾಕಿ. ನನ್ನ ಮಗನ್ನ ದವಾಖಾನ್ಯಾಗ ಕೂತು ತಿಂದಾಕಿ" ಎಂದು ಬಾಗಿಲು ಹಾಕಿಕೊಂಡಳು. ತವರಿನಲ್ಲಿ ಯಾರೂ ಇರಲಿಲ್ಲ. ಅಕ್ಕ ಒಂದು ಗಂಟು ಹೊತ್ತು ಬೀದರಿಗೆ ವಾಪಸು ಬಂದಳು. ಆ ದಿನ ಮೇಟ್ರನ್ ಬಾಯಿ ಏನಾದರೂ ಹೇಳುತ್ತಾಳೆ, ತಪ್ಪಾಯಿತು ಎನ್ನದಿದ್ದರೂ ಒಂದು ಲೋಟ ನೀರಾದರೂ ಕೊಡುತ್ತಾಳೆ ಎಂದು ನಾನು ಕಾದೆ.

"ಕೈ ತೋರ್ಸು," ಎಂದಳು. ತಿರುಗಿಸಿ ನೋಡಿದಳು. "ಈಗ ಸ್ವಚ್ಛ ಅದಾವ. ನಡಿ ಒಳಗ."

ಅಂದಿನಿಂದ ಕೇಳಿದ್ದಕ್ಕೆ ಉತ್ತರ ಕೊಡುವುದನ್ನು ಬಿಟ್ಟರೆ ನಾನು ಆಕೆಯೊಂದಿಗೆ ಮಾತಾಡಲಿಲ್ಲ. ಆಕೆ ಅದನ್ನು ಗಮನಿಸಲೂ ಇಲ್ಲ.

ಕಲಿತು ಮುಗಿಸಿದ್ದಕ್ಕೆ ಕೊಡುವ ಸನದು ಸಿಗಬೇಕಾದರೆ ಪರೀಕ್ಷೆ ಬರೆದರೆ ಸಾಲದು. ಮೇಟ್ರನ್ ಸಮಕ್ಷಮದಲ್ಲಿ ನಿಗದಿಯಾದಷ್ಟು ಹೆರಿಗೆಯನ್ನು ಸ್ವಂತ ಕೈಯಿಂದ ಮಾಡಿಸಬೇಕು. ಅಕ್ಕನಿಗೆ ಒಂದು ಬಾಕಿ ಇತ್ತು. ಆ ಒಂದು ಸಿಗಲೊಲ್ಲದು. ನಮ್ಮ ಹಳ್ಳಿಗಳಲ್ಲಿ ಸೂಲಗಿತ್ತಿಯರು ಮುದಿ ವಿಧವೆಯರೇ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಗಂಡ ಸತ್ತು ವರ್ಷ ತುಂಬದ ಎಳೆ ವಿಧವೆ ಕೂಸನ್ನು ಮೊದಲು ಮುಟ್ಟುವುದೆಂದರೆ ಯಾರೂ ಒಪ್ಪುವುದಿಲ್ಲ. ಅದರಲ್ಲೂ ಬಳೆಯ ಕಥೆ ದವಾಖಾನೆಯ ಗೇಟು ದಾಟಿ ಊರೆಲ್ಲ ಆಗಿತ್ತು. ಅಕ್ಕ ಹತ್ತಿರ ಹೋದರೆ ವಾರ್ಡಿನ ಹೆಂಗಸರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಜನವರಿ ಕೊನೆಗೆ ನಮ್ಮ ತಂಡ ಮುಗಿಯುವುದಿತ್ತು. ಸನದು ಇದ್ದರೆ ನೌಕರಿ, ಕ್ವಾರ್ಟರ್ಸಿನಲ್ಲಿ ಒಂದು ಕೋಣೆ. ಇಲ್ಲದಿದ್ದರೆ ಅಕ್ಕನಿಗೆ ಮಲಗುವ ಜಾಗವೂ ಇಲ್ಲ.

ಕೊನೆಯ ವಾರದಲ್ಲಿ ಭಾಲ್ಕಿಯ ತೊಗರಿ ವ್ಯಾಪಾರಿಯೊಬ್ಬರ ಮನೆಯಿಂದ ಕರೆ ಬಂತು. ಸೊಸೆಗೆ ಹಿಂದಿನ ದಿನದಿಂದ ನೋವು. ಮೇಟ್ರನ್ ಬಾಯಿ ನಮ್ಮಿಬ್ಬರನ್ನೂ ಕರೆದುಕೊಂಡು ಬೆಳಗಿನ ರೈಲು ಹತ್ತಿದಳು.

ಬಾಗಿಲಲ್ಲಿ ಮನೆಯ ಯಜಮಾನಿ ನಿಂತಿದ್ದಳು. ಅಕ್ಕನ ಹಣೆ ನೋಡಿದಳು, ಕೈ ನೋಡಿದಳು.

"ಈಕಿ ಒಳಗ ಬ್ಯಾಡ್ರಿ ಬಾಯಾರ. ನೀವ ಬರ್ರಿ. ಇಲ್ಲಂದ್ರ ಈ ಸಣ್ಣ ಹುಡುಗಿ ಬರ್ಲಿ."

ನಾನು ಚೀಲ ಎತ್ತಿಕೊಂಡೆ. ಮೇಟ್ರನ್ ಬಾಯಿ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದಳು.

"ಕುರಿ, ನೀ ಹಿಂದಿನ ಪಡಸಾಲಿಗಿ ಹೋಗಿ ಕತ್ತರಿ ಕುದಸು." ಆಮೇಲೆ ಯಜಮಾನಿಗೆ, "ನಾ ಕಲಿಸ್ಲಾಕ ಬಂದೀನಿ. ಹೆರಿಗಿ ಈಕಿದು. ಈಕಿ ಇಲ್ಲಂದ್ರ ಯಾರೂ ಇಲ್ಲ."

"ಮನಷ್ಯಾಳೇನ್ರಿ ನೀವು? ಒಳಗ ಜೀವ ಹೋಗ್ಲಾಕತ್ತದ!"

"ನಿಮ್ಮ ಸೊಸಿ ಜೀವ. ನಿಮ್ಮ ಬಾಗ್ಲಾ. ನೀವ ಸರೀರಿ."

ನಾನು ಒಲೆಯ ಮುಂದೆ ಕೂತು ಇದೆಲ್ಲ ಕೇಳುತ್ತಿದ್ದೆ. ಒಳಗಿನ ಕೂಗು ಏರುತ್ತಿತ್ತು. ಯಜಮಾನಿ ಶಾಪ ಹಾಕಿದಳು, ಕಾಲು ಹಿಡಿಯುತ್ತೇನೆ ಎಂದಳು. ಆಕೆ ಜಗ್ಗಲಿಲ್ಲ. ಅಕ್ಕನೇ, "ನಾ ಹೋಗ್ತೇನ್ರಿ ಬಾಯಿಸಾಬ, ನನಗ ಸನದು ಬ್ಯಾಡ. ಆಕಿ ಸಾಯ್ತಾಳ್ರಿ" ಎಂದಳು. "ಚುಪ್!" ಎಂಬುದಷ್ಟೇ ಅದಕ್ಕೆ ಸಿಕ್ಕ ಉತ್ತರ. ಎಷ್ಟು ಹೊತ್ತು ಹೀಗೆ ಹೋಯಿತೋ! ಎಲ್ಲದಕ್ಕೂ ಗಳಿಗೆ ಬರೆಯುವ ನಾನು ಅಂದು ಗಡಿಯಾರ ನೋಡಲಿಲ್ಲ. ಕಡೆಗೆ ಒಳಗಿನಿಂದ ಸೊಸೆಯೇ ಕಿರುಚಿದಳು:

"ಯಾರರ ಬರ್ರೀ! ಮುಂಡಿ ಬಂದ್ರೂ ಬರ್ಲಿ, ಯಮ ಬಂದ್ರೂ ಬರ್ಲಿ!"

ಯಜಮಾನಿ ಸರಿದಳು. ಅಕ್ಕ ಒಳಗೆ ಹೋದಳು. ಕುದಿಸಿದ ಕತ್ತರಿ, ದಾರ ಹಿಡಿದು ನಾನು ಹಿಂದಿನ ಬಾಗಿಲಿನಿಂದ ಹೋದಾಗ ಕೂಸಿನ ತಲೆ ಕಂಡಿತ್ತು; ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು. ಅಕ್ಕ ಎಳೆಯಲಿಲ್ಲ. ಬೆರಳು ತೂರಿಸಿ ಬಳ್ಳಿಯನ್ನು ಮೆಲ್ಲಗೆ ತಲೆಯ ಮೇಲಿಂದ ದಾಟಿಸಿದಳು, ಬುಟ್ಟಿಯ ಗೊಂಬೆಗೆ ನೂರು ಸಲ ಮಾಡಿದ ಹಾಗೆಯೇ. ಹೆಣ್ಣು ಕೂಸು. ನೀಲಿ ಇದ್ದದ್ದು ಕೆಂಪಾಗಿ ಅತ್ತಿತು. ತಾಯಿಗೆ ಬಹಳ ರಕ್ತ ಹೋಯಿತು, ಆದರೆ ಉಳಿದಳು.

ಆ ಅಳು ಕೇಳಿ ನಾನು ತಲೆ ಎತ್ತಿದೆ. ಮೇಟ್ರನ್ ಬಾಯಿ ಹೊಸ್ತಿಲಾಚೆ ನಿಂತಿದ್ದಳು. ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿದ್ದವು, ಮೊಣಕೈಯಿಂದ ನೀರು ಇಳಿಯುತ್ತಿತ್ತು. ನಾನು ನೋಡಿದ್ದನ್ನು ಕಂಡು ಕೈ ಇಳಿಸಿ, ಸೀರೆಗೆ ಒರೆಸಿಕೊಂಡು, ಅಂಗಳಕ್ಕೆ ಹೋದಳು.

ವಾಪಸು ರೈಲಿನಲ್ಲಿ ತಿಂಗಳುಗಳ ಮೌನ ಮುರಿದು ನಾನೇ ಕೇಳಿದೆ: "ಬಾಯಿಸಾಬ, ಅವರು ಒಪ್ಪಿರ್ಲಿಲ್ಲಂದ್ರ ನೀವು ಒಳಗ ಹೋಗ್ತಿದ್ರೇನು?"

ಆಕೆ ಹೊಸ ಲವಂಗವೊಂದನ್ನು ಬಾಯಿಗೆ ಹಾಕಿಕೊಂಡಳು. "ಕೂಸಿನ ಹಿಂದ ಮಾಸು ಪೂರಾ ಬಂತೇನು, ನೋಡಿದ್ಯಾ?" ಎಂದು ಅಕ್ಕನನ್ನು ಕೇಳಿದಳು. ಅಷ್ಟೇ.

ಅಕ್ಕನಿಗೆ ಸನದು ಸಿಕ್ಕಿತು. ಈಗ ದೂರದ ತಾಲ್ಲೂಕಿನಲ್ಲಿ ನೌಕರಿ, ಕೋಣೆ, ಸ್ವಂತ ಒಲೆ. ನಿನ್ನೆಯೇ ಅಕ್ಕನಿಗೆ ಸಾವಿನ ಸುದ್ದಿ ತಿಳಿಸಿ ಕಾಗದ ಹಾಕಿದ್ದೇನೆ. ಒಮ್ಮೆ ಅಕ್ಕ ಹೇಳಿದ್ದಳು: "ಆಕಿ ನನ್ನ ಸಲುವಾಗಿ ನಿಂದರ್ಲಿಲ್ಲವ್ವ, ತನ್ನ ಮಾತಿನ ಸಲುವಾಗಿ ನಿಂತಳು. ಆದ್ರ ಅನ್ನ ನಾ ಉಣ್ಲಾಕತ್ತೀನಿ." ನನಗೂ ಬೇರೆ ವಿದ್ಯೆ ಇಲ್ಲ. ನನ್ನ ಕೈಗೆ ಬರುವುದೆಲ್ಲ ಆಕೆ ಹೊಡೆದು, ಹೀಯಾಳಿಸಿ ಕಲಿಸಿದ್ದು. ಬೇಡವೆಂದು ಹಿಂದಿರುಗಿಸಲು ಬರುವುದಿಲ್ಲ. ಕ್ಷಮಿಸಲೂ ಬರುತ್ತಿಲ್ಲ. ಅಕ್ಕನ ಒಂದು ಹೆರಿಗೆಗಾಗಿ ಆ ಹೊತ್ತು ಪಣಕ್ಕೆ ಇಟ್ಟದ್ದು ಬೇರೆಯವರ ಸೊಸೆಯ ಜೀವ.

ಆದರೂ ಒಂದು ಸಂಗತಿ ನನಗೆ ತಿಳಿಯಬೇಕು. ಭಾಲ್ಕಿಯ ಆ ಮನೆಯಲ್ಲಿ ಅಂದು ಇದ್ದವರು, ಅಂಗಳದಲ್ಲಿ ಆಕೆಯ ಕೈಗೆ ನೀರು ಹಾಕಿದವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಬರೆಯಿರಿ. ಆಕೆ ಕೈ ತೊಳೆದದ್ದು ಯಾವಾಗ? ಯಜಮಾನಿ ಬಾಗಿಲು ಬಿಟ್ಟ ಮೇಲೋ, ಬಿಡುವ ಮೊದಲೋ? ನನ್ನ ದಿನಚರಿಯ ಆ ದಿನದ ಪುಟದಲ್ಲಿ ಇದಕ್ಕಾಗಿ ಒಂದು ಸಾಲು ಖಾಲಿ ಬಿಟ್ಟಿದ್ದೇನೆ.