ಹೆಸರಿಲ್ಲದ ಬಟನ್ನುಗಳು

ಕಾಕುಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದದ್ದು ಅವರ ಬಲಗಿವಿ. ಎಡಗಿವಿಯಲ್ಲಿ ಯಾವಾಗಲೂ ಇಯರ್‌ಫೋನ್ ಇರುತ್ತಿತ್ತು. ಅದು ಕಂಪ್ಯೂಟರಿನ ಪಾಲು. ಬಲಗಿವಿ ನಮ್ಮ ಪಾಲು. ಬಿಳಿಗೂದಲನ್ನು ಬಿಗಿಯಾಗಿ ತುರುಬು ಕಟ್ಟುತ್ತಿದ್ದುದರಿಂದ ಆ ತೆಳ್ಳಗಿನ ಕಿವಿ ಎದ್ದು ಕಾಣುತ್ತಿತ್ತು. ಮೊದಲು ತುದಿ, ಆಮೇಲೆ ಪೂರ್ತಿ ಕೆಂಪು. ದನಿ ಮಾತ್ರ ಏರುತ್ತಿರಲಿಲ್ಲ. ಮಾತು ಇನ್ನಷ್ಟು ನಿಧಾನವಾಗುತ್ತಿತ್ತು, ಅಷ್ಟೆ.

ಮಾಲ್ಟನ್ನಿನಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲಿ, ನಾವಿದ್ದ ಕಟ್ಟಡದಲ್ಲೇ, ನಮ್ಮ ಕೆಳಗಿನ ಮನೆ ಅವರದು. ಧಾರವಾಡದವರು. ಮದುವೆಯಾಗಿ ಇಲ್ಲಿಗೆ ಬಂದ ಕೆಲವು ವರ್ಷಗಳಲ್ಲೇ ಕಣ್ಣಿನ ನರ ಒಣಗಿ ದೃಷ್ಟಿ ಪೂರ್ತಿ ಹೋಯಿತಂತೆ. ಆಮೇಲೆಯೇ ಅವರು ಕೋರ್ಟಿನಲ್ಲಿ ದುಭಾಷಿಯಾಗಿ ಸೇರಿ, ಕನ್ನಡ, ಮರಾಠಿ, ಹಿಂದಿ ಮಾತಾಡುವವರ ಅಳಲನ್ನೆಲ್ಲ ಇಂಗ್ಲಿಷಿಗೆ ತಿರುಗಿಸಿ, ಆ ಕೆಲಸದಲ್ಲೇ ನಿವೃತ್ತರಾದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಟ್ಟಡದ ಪಂಜಾಬಿ ಅಜ್ಜಿಯರೂ ಅವರನ್ನು, ಧಾರವಾಡದ ಕಡೆ ಚಿಕ್ಕಮ್ಮನನ್ನು ಕರೆಯುವಂತೆ, ಕಾಕು ಎಂದೇ ಕರೆಯುತ್ತಿದ್ದರು.

ನಾನು ಮೈಸೂರಿನವಳು, ಮಿಸಿಸಾಗದ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಅದು ಗೊತ್ತಾದ ದಿನವೇ ಕಾಕು, "ಹಂಗಾರ ನೀ ನನ್ನ ಶತ್ರುಗಳ ಮನೀಯಾಕಿ," ಎಂದು ನನ್ನ ಕೈಗೆ ಅವಲಕ್ಕಿ ಬಟ್ಟಲು ಕೊಟ್ಟರು.

ಆಗ ಅವರು ನಮ್ಮ ಕನ್ನಡ ಕೂಟಕ್ಕಾಗಿ ಒಂದು ಕೆಲಸ ಹಚ್ಚಿಕೊಂಡಿದ್ದರು. ಮೊದಮೊದಲು ಈ ದೇಶಕ್ಕೆ ಬಂದ ಕನ್ನಡಿಗರ ಮಾತನ್ನು ರೆಕಾರ್ಡ್ ಮಾಡಿ ಇಡುವುದು. ಸ್ಟುಡಿಯೋಗೆ ಕರೆದರೆ ಮುದುಕರು ಬಿಗಿದುಕೊಳ್ಳುತ್ತಾರೆಂದು ತಮ್ಮ ಅಡುಗೆಮನೆಯಲ್ಲೇ ಕೂರಿಸಿ, ಚಹಾ ಕೊಟ್ಟು ಮಾತಾಡಿಸುತ್ತಿದ್ದರು. ಫ್ರಿಜ್ಜಿನ ಗುಂಯ್‌ಗುಡುವಿಕೆ ಬೇಡವೆಂದು ಅದನ್ನು ಆರಿಸಿ, ತಮ್ಮ ಬಸ್ ಕಾರ್ಡನ್ನು ಅದರೊಳಗೆ ಹಾಲಿನ ಪಕ್ಕ ಇಡುತ್ತಿದ್ದರು. ಹೊರಗೆ ಹೊರಟಾಗ ಕಾರ್ಡು ತೆಗೆಯಲೇಬೇಕಲ್ಲ, ಆಗ ಫ್ರಿಜ್ ಮತ್ತೆ ಹಾಕುವುದು ನೆನಪಾಗುತ್ತಿತ್ತು. ವಿಮಾನಗಳಿಗೆ ಮಾತ್ರ ಉಪಾಯವಿರಲಿಲ್ಲ. ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೆಯೇ ಹೋಗುತ್ತವೆ. ಯಾರಾದರೂ ಊರು ಬಿಟ್ಟ ದಿನದ ಕಥೆ ಹೇಳುವ ಹೊತ್ತಿಗೇ ಒಂದು ಬರುತ್ತಿತ್ತು.

ಆ ಗದ್ದಲವನ್ನೆಲ್ಲ ಕಾಕು ಆಮೇಲೆ ಕಂಪ್ಯೂಟರಿನಲ್ಲಿ ತೊಳೆಯುತ್ತಿದ್ದರು. ತೆರೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಅವರ ಕಿವಿಯಲ್ಲಿ ಜೇನುಹುಳದಂತೆ ಗುಂಯ್‌ಗುಟ್ಟುತ್ತಿತ್ತು. ನನಗೆ ಒಂದಕ್ಷರವೂ ತಿಳಿಯುತ್ತಿರಲಿಲ್ಲ, ಅಷ್ಟು ವೇಗ. ಮೌಸ್ ಅವರ ಮನೆಯಲ್ಲೇ ಇರಲಿಲ್ಲ, ಎಲ್ಲ ಕೆಲಸವೂ ಕೀಬೋರ್ಡಿನ ಕೀಲಿಗಳಿಂದ.

ಒಂದು ಬೆಳಗ್ಗೆ ನನ್ನನ್ನು ಕೆಳಕ್ಕೆ ಕರೆದರು. ಕಿವಿ ಆಗಲೇ ಕೆಂಪಗಿತ್ತು. ಅವರು ಬಳಸುತ್ತಿದ್ದ ಎಡಿಟಿಂಗ್ ಸಾಫ್ಟ್‌ವೇರಿಗೆ ಹೊಸ ವರ್ಷನ್ ಬಂದಿತ್ತು. ನೋಡಲು ಅಂದವಾಗಿತ್ತು. ಇಯರ್‌ಫೋನ್ ಕಿತ್ತು, ರೀಡರಿನ ವೇಗ ಇಳಿಸಿ, "ಕೇಳು," ಎಂದರು.

ಅವರು ಒಂದು ಬಟನ್ನಿನಿಂದ ಮುಂದಿನದಕ್ಕೆ ಹೋಗುವ ಟ್ಯಾಬ್ ಕೀಲಿ ಒತ್ತಿದರು. "ಬಟನ್," ಎಂದಿತು ಯಂತ್ರ. ಮತ್ತೆ ಒತ್ತಿದರು. "ಬಟನ್." ಇನ್ನೊಮ್ಮೆ. "ಬಟನ್."

"ಯಾವ ಬಟನ್ನು? ಉಳಿಸೋದೋ, ಅಳಿಸೋದೋ? ಮಾಡಿದವರು ಚಿತ್ರ ಬರದಾರ, ಹೆಸರು ಬರೀಲಿಕ್ಕೆ ಮರತಾರ."

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದರು, ಸ್ಪೀಕರಿನಲ್ಲಿ. ಆ ಹುಡುಗ ಬಹಳ ವಿನಯದಿಂದ, ಮನೆಯಲ್ಲಿ ಕಣ್ಣು ಕಾಣುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದ. ಕಾಕು ಕೋರ್ಟಿನ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಇಟ್ಟು, ನಿಮ್ಮ ಮನೆಯಲ್ಲಿ ಕೇಳಿಸುವ ಕಿವಿಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಇದು ಮುಂದಿನ ರೋಡ್‌ಮ್ಯಾಪಿನಲ್ಲಿದೆ, ಅಂದರೆ ಮುಂದೆಂದಾದರೂ ಸರಿಪಡಿಸುತ್ತೇವೆ, ಎಂದ ಆತ. ಕಾಕು ಫೋನಿಟ್ಟರು.

"ಅವರ ಮ್ಯಾಪಿನ್ಯಾಗ ನಮ್ಮ ರಸ್ತಾನ ಇಲ್ಲ ತಂಗಿ. ನಡಿ, ಬ್ಯಾರೆ ಹುಡುಕೋಣು."

ಹುಡುಕಿದೆವು. ವಾರಾಂತ್ಯಗಳೆಲ್ಲ ಅದಕ್ಕೇ ಹೋದವು. ಒಂದೊಂದನ್ನೂ ಉಚಿತ ಅವಧಿಗೆ ಇಳಿಸಿಕೊಳ್ಳುತ್ತಿದ್ದೆವು. ಕಾಕು ಕೇಳುತ್ತಿದ್ದುದು ಹೆಚ್ಚೇನಲ್ಲ. ಪ್ರತಿ ಬಟನ್ನಿಗೂ ಹೆಸರಿರಬೇಕು. ಮಾತಿಲ್ಲದ ಒಂದು ತುಣುಕನ್ನು ಕೀಲಿಗಳಿಂದಲೇ ಆರಿಸಿ, ಇದು ಗದ್ದಲ, ಇದನ್ನು ಗುರುತಿಟ್ಟುಕೋ ಎಂದು ಹೇಳಲು ಬರಬೇಕು. ತೆಗೆಯುವ ಮೊದಲು ಎಷ್ಟು ತೆಗೆಯುತ್ತದೆಂದು ಕೇಳಿಸಬೇಕು. ಒಂದು ಸಾಫ್ಟ್‌ವೇರ್ ಧ್ವನಿಯನ್ನು ಬಣ್ಣಬಣ್ಣದ ಮೋಡದಂತೆ ತೋರಿಸುತ್ತಿತ್ತು; ಬೇಡದ ಮೋಡವನ್ನು ಮೌಸಿನಿಂದ ಒರೆಸಬೇಕು, ಇಲ್ಲವೇ ಒಂದು ಬಟನ್ ಒತ್ತಿ ಅದಕ್ಕೇ ಬಿಡಬೇಕು. ನಾನು ಬೆರಗಿನಿಂದ ವರ್ಣಿಸುತ್ತಿದ್ದೆ. "ಛಂದ ಅದ," ಎಂದರು ಕಾಕು. "ಧ್ವನಿ ಕೆಲಸಕ್ಕೂ ಕಣ್ಣ ಬೇಕು ಅಂತ ಮಾಡ್ಯಾರಲ್ಲ, ಇವರ ಜಾಣತನಕ್ಕ ಏನನ್ನಲಿ." ಇನ್ನೊಂದನ್ನು ಅರ್ಧ ತಾಸಿನಲ್ಲೇ ತೆಗೆಸಿಹಾಕಿದರು. ಅದು ಎಲ್ಲವನ್ನೂ ತಾನೇ ಮಾಡುತ್ತಿತ್ತು, ಏನು ಮಾಡಿದೆ ಎಂದು ಹೇಳುತ್ತಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಸ್ವಯಂಸೇವಕರು ಸೇರಿ ಕಟ್ಟಿ ಬಿಟ್ಟಿಯಾಗಿ ಹಂಚುವ, ನೋಡಲು ಹಳೆಯ ಕಾಲದ ರೇಡಿಯೋದಂತಿದ್ದ ಒಂದು ಸಾಫ್ಟ್‌ವೇರ್. ಟ್ಯಾಬ್ ಒತ್ತಿದರೆ ಪ್ರತಿ ಬಟನ್ನೂ ತನ್ನ ಹೆಸರು ಹೇಳಿತು. ಕಾಕು ಎದ್ದು ಹೋಗಿ ಶಿರಾ ಮಾಡಿದರು.

ಅಷ್ಟರಲ್ಲಿ ಕೂಟದ ಕಮಿಟಿ ಬೇರೆಯದೇ ತೀರ್ಮಾನ ಮಾಡಿತ್ತು. ಅವರು ಆ ಬಣ್ಣದ ಮೋಡದ ಸಾಫ್ಟ್‌ವೇರನ್ನೇ ಕೊಂಡಿದ್ದರು. ಮೀಟಿಂಗಿನಲ್ಲಿ ಅಧ್ಯಕ್ಷರು, ಬೆಂಗಳೂರಿನವರು, ತುಂಬ ನಯವಾಗಿ ಹೇಳಿದರು: "ಆಂಟಿ, ನೀವು ಇಷ್ಟು ವರ್ಷ ಕಷ್ಟಪಟ್ಟಿದ್ದೀರಿ. ಈಗ ಇದು ಆಟೋಮ್ಯಾಟಿಕ್ ಆಗಿ ಕ್ಲೀನ್ ಮಾಡುತ್ತೆ. ನಮ್ಮ ವಾಲಂಟಿಯರ್ಸ್ ನೋಡ್ಕೋತಾರೆ. ನೀವು ರೆಸ್ಟ್ ತಗೊಳಿ."

"ನಾ ರೆಸ್ಟ್ ಕೇಳಿದ್ದೆನೇನು?"

"ಹಾಗಲ್ಲ ಆಂಟಿ, ಇದರಲ್ಲಿ ಎಲ್ಲಾ ವಿಷುವಲ್..."

"ಅದನ್ನ ಕೇಳ್ಲಿಕ್ಕತ್ತೀನಿ. ನನಗ ನಡೀಲಾರದ್ದನ್ನ ಯಾಕ ತಗೊಂಡ್ರಿ? ಕೊಳ್ಳೂ ಮುಂದ ನನ್ನ ಒಂದ ಮಾತ ಕೇಳಬೇಕಂತ ಯಾರಿಗೂ ಅನಿಸಲಿಲ್ಲೇನು?"

ಯಾರೋ ಸಮೋಸಾ ಡಬ್ಬಿ ಮುಂದೆ ತಳ್ಳಿದರು. ಮುಂದಿನ ವಾರ ಒಬ್ಬರು ರೆಕಾರ್ಡರ್ ವಾಪಸ್ ಒಯ್ಯಲು ಬಂದರು. ಕಾಕು ಒಳಗಿನ ಮೆಮೊರಿ ಕಾರ್ಡ್ ತೆಗೆದುಕೊಂಡು ಬರಿಯ ರೆಕಾರ್ಡರ್ ಕೊಟ್ಟರು. "ಡಬ್ಬಿ ಕೂಟದ್ದು. ಕಾರ್ಡು ನಾ ತಗೊಂಡದ್ದು," ಎಂದರು. ರೆಕಾರ್ಡಿಂಗುಗಳ ಒಂದು ಪ್ರತಿಯನ್ನು ಅವರು ಕೂಟಕ್ಕೆ ಮೊದಲೇ ಕೊಟ್ಟಿದ್ದರು.

ಆ ಚಳಿಗಾಲದಲ್ಲಿ ಹತ್ತಿರದ ಊರಾದ ಪಿಕರಿಂಗಿನ ಒಬ್ಬ ಹಿರಿಯರು ತೀರಿಕೊಂಡರು. ಮಂಡ್ಯ ಕಡೆಯವರು, ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್ ಆಗಿದ್ದವರು. ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ಉಳಿದಿದ್ದು ಗಾಳಿಯಂಥ ಪಿಸುದನಿ. ಕಾಕುವಿನ ಅಡುಗೆಮನೆಯಲ್ಲಿ ಕೂತು ಮಾತಾಡಿದವರಲ್ಲಿ ಅವರೂ ಒಬ್ಬರು. ಅವರ ಹೆಂಡತಿ, ಮಗಳಿನ್ನೂ ಪುಟ್ಟ ಮಗುವಾಗಿದ್ದಾಗಲೇ, ತೀರಿಕೊಂಡಿದ್ದರು. ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಅಮ್ಮನ ದನಿಯೇ ನೆನಪಿಲ್ಲ. ಅಮ್ಮ ತನ್ನನ್ನು ಏನೆಂದು ಕರೆಯುತ್ತಿದ್ದಳು ಎಂದು ಕೇಳಿದರೆ ಅಪ್ಪನ ಕಣ್ಣು ತುಂಬುತ್ತಿತ್ತಂತೆ, ಉತ್ತರ ಬರುತ್ತಿರಲಿಲ್ಲವಂತೆ. ರೆಕಾರ್ಡಿಂಗ್ ಮುಗಿಸಿ ಹೋದ ದಿನ ಮಾತ್ರ, "ನೀನು ಕೇಳ್ತಿದ್ದೆಯಲ್ಲ, ಅದನ್ನ ಅಲ್ಲಿ ಹೇಳಿದ್ದೀನಿ," ಎಂದಿದ್ದರಂತೆ.

ಕೂಟದವರು ಕಳಿಸಿದ ಫೈಲಿನಲ್ಲಿ ಅದು ಇರಲಿಲ್ಲ. ಆಕೆ ಕಾಕುವಿನ ಮನೆಗೆ ಬಂದು, ಫೋನಿನಲ್ಲಿ ಅದನ್ನು ಕೇಳಿಸಿದಳು. ವಿಮಾನವಿಲ್ಲ, ಗುಂಯ್ ಇಲ್ಲ, ಗಾಜಿನಂತೆ ಸ್ವಚ್ಛ. ನಡುನಡುವೆ ಮಾತೂ ಇಲ್ಲ. ಪಿಸುದನಿಯನ್ನು ಆ ಸಾಫ್ಟ್‌ವೇರ್ ಗದ್ದಲವೆಂದು ತಿಳಿದು ಒರೆಸಿಹಾಕಿತ್ತು. "ನನ್ನವಳು ಮಗೂನ ಕರೀತಿದ್ದಿದ್ದು..." ಎಂಬಲ್ಲಿಗೆ ಬಂದು ಒಂದು ನಿಶ್ಶಬ್ದ. ಕೂಟಕ್ಕೆ ಫೋನ್ ಮಾಡಿದರೆ, ಜಾಗ ಉಳಿಸಲು ಮೂಲ ಫೈಲುಗಳನ್ನು ಅಳಿಸಿದ್ದೇವೆ ಎಂದರು. ಕೂತು ಕೇಳಿ ನೋಡಿದಿರಾ ಎಂದು ಕೇಳಿದೆ. ತೆರೆಯ ಮೇಲೆ ತುಂಬ ಕ್ಲೀನಾಗಿ ಕಾಣುತ್ತಿತ್ತು ಎಂದರು.

ನನಗೆ ಇವತ್ತಿಗೂ ಆ ಉತ್ತರ ನೆನೆದರೆ ಮೈ ಉರಿಯುತ್ತದೆ.

ಕಾಕು ತಮ್ಮ ಮೆಮೊರಿ ಕಾರ್ಡು ತೆಗೆದು ಕಂಪ್ಯೂಟರಿನ ಮುಂದೆ ಕೂತರು. ಹೆಸರಿನ ಜಾಗದಲ್ಲೇ ಒಂದು ವಿಮಾನ ಹಾದುಹೋಗಿತ್ತು. ವಿಮಾನದ ಸದ್ದನ್ನು ಸ್ವಲ್ಪ ಇಳಿಸುವುದು, ಕೇಳುವುದು, ಹಿಂದಕ್ಕೆ ಹೋಗುವುದು, ಮತ್ತೆ ಇಳಿಸುವುದು. ಹೆಚ್ಚು ತೆಗೆದರೆ ಪಿಸುದನಿಯ ಅಂಚೂ ಅದರ ಜೊತೆ ಹೋಗುತ್ತಿತ್ತು. ಹಲವು ದಿನ ಅದನ್ನೇ ಮಾಡಿದರು. ಕೊನೆಗೊಂದು ಸಂಜೆ ಕೈ ಎತ್ತಿದರು.

"ಇಲ್ಲಿಗೆ ಬಿಡತೀನಿ. ವಿಮಾನ ಇರಲಿ, ಮಾತ ಉಳೀಲಿ."

ಮಗಳು ಬಂದಳು. ಕಾಕು ಎರಡೂ ಇಯರ್‌ಫೋನನ್ನು ಅವಳಿಗೆ ಕೊಟ್ಟರು. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಇಂಗ್ಲಿಷಿನಲ್ಲಿ, "ಬೆಲ್ಲದಚ್ಚು ಅಂದರೇನು?" ಎಂದು ಕೇಳಿದಳು. ಕಾಕು ಡಬ್ಬಿಯಿಂದ ಬೆಲ್ಲದ ತುಂಡೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟು, "ಇದು ನೀನು," ಎಂದರು.

ಇದಾದ ಮೇಲೆ ಅಧ್ಯಕ್ಷರೇ ಕಾಕುವಿನ ಮನೆಗೆ ಬಂದರು. ಆ ಫೈಲನ್ನು ವಾರ್ಷಿಕೋತ್ಸವದಲ್ಲಿ ಕೇಳಿಸಬೇಕೆಂದು ಅವರ ಆಸೆ. ವಿಮಾನದ ಸದ್ದು ಪೂರ್ತಿ ತೆಗೆದರೆ ಇನ್ನೂ ಪ್ರೊಫೆಷನಲ್ ಆಗಿರುತ್ತದೆ ಎಂದು ಸೇರಿಸಿದರು. ಕಾಕು ಅವರಿಗೆ ಚಹಾ ಕೊಟ್ಟು, ಕುಡಿದು ಮುಗಿಸುವವರೆಗೆ ಕಾದು, ಹೇಳಿದರು: "ಅದು ಆ ಹುಡುಗೀದು. ನಿಮ್ಮ ಕಾರ್ಯಕ್ರಮದ್ದಲ್ಲ. ಉಳಿದ ಮುದುಕರ ಮಾತೆಲ್ಲ ನನ್ನ ಹತ್ರ ಅವ. ಬೇಕಾದ್ರ ನನಗ ನಡಿಯೂ ಸಾಫ್ಟ್‌ವೇರ್ ತಗೊಂಡ ಬರ್ರಿ, ಕೂಡಿ ಮಾಡೋಣು." ಅವರು ಯೋಚನೆ ಮಾಡುತ್ತೇವೆ ಎಂದು ಹೋದರು. ಬಿಟ್ಟಿ ಸಿಗುವುದನ್ನು ಇಳಿಸಿಕೊಳ್ಳಲು ಯೋಚನೆ ಯಾಕೆ ಬೇಕಿತ್ತೋ, ನನಗೆ ಇನ್ನೂ ತಿಳಿದಿಲ್ಲ. ಅವರು ಮತ್ತೆ ಬರಲಿಲ್ಲ. ಉಳಿದ ರೆಕಾರ್ಡಿಂಗುಗಳನ್ನು ಕಾಕು ಒಬ್ಬರೇ ತೊಳೆದು, ಒಂದೊಂದನ್ನೂ ಆಯಾ ಮನೆಯವರಿಗೆ ಕಳಿಸಿದರು. ಕೆಲವೊಂದಕ್ಕೆ ಕೈಯನ್ನೇ ಹಚ್ಚಲಿಲ್ಲ. "ಇದರಾಗ ಗದ್ದಲನೂ ಆಕೀದ," ಎಂದರು ಒಬ್ಬ ಅಜ್ಜಿಯ ಬಳೆ ಸದ್ದಿನ ಬಗ್ಗೆ.

ಕಳೆದ ವಸಂತದಲ್ಲಿ ಕಾಕು ಹೋದರು. ಹೃದಯ ನಿಂತಿತು, ಆಸ್ಪತ್ರೆಗೆ ಒಯ್ಯುವಷ್ಟೂ ಸಮಯ ಕೊಡಲಿಲ್ಲ. ಕೂಟದವರು ಶ್ರದ್ಧಾಂಜಲಿ ಸಭೆ ಮಾಡಿದರು. ಕಣ್ಣಿಲ್ಲದಿದ್ದರೂ ಛಲ ಬಿಡದ ಸ್ಫೂರ್ತಿಯ ಚಿಲುಮೆ ಎಂದು ಅಧ್ಯಕ್ಷರು ಓದಿದರು. ಪಿಕರಿಂಗಿನ ಮಗಳು ನನ್ನ ಪಕ್ಕ ಕೂತಿದ್ದಳು. ಅವಳಿಗೆ ಆ ಕನ್ನಡ ಪೂರ್ತಿ ತಿಳಿಯಲಿಲ್ಲ. ಏನು ಹೇಳಿದರು ಎಂದು ಕೇಳಿದಳು. ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. "ಅವರನ್ನು ಹೊರಗೆ ಹಾಕಿದ್ದು ಇವರೇ ಅಲ್ಲವೇ?" ಎಂದಳು, ಮುಂದಿನ ಸಾಲಿನವರಿಗೆ ಕೇಳುವಂತೆ. ನಾನು ಅವಳನ್ನು ಸುಮ್ಮನಿರಿಸಲಿಲ್ಲ.

ಈ ತಿಂಗಳು ನಮ್ಮ ಕಂಪನಿಯಲ್ಲಿ ಒಂದು ಹೊಸ ಸಾಫ್ಟ್‌ವೇರ್ ಹೊರಬರಬೇಕಿತ್ತು. ಪರೀಕ್ಷಿಸಿ ಒಪ್ಪಿಗೆ ಕೊಡುವ ಕೆಲಸ ನನ್ನದು. ಮಾನಿಟರ್ ಆರಿಸಿ, ಸ್ಕ್ರೀನ್ ರೀಡರ್ ಹಾಕಿ, ಟ್ಯಾಬ್ ಒತ್ತಿದೆ. ಹಣ ಕಟ್ಟುವ ಪುಟದಲ್ಲಿ ಅದು "ಬಟನ್" ಎಂದಿತು. ನಾನು ಒಪ್ಪಿಗೆ ಕೊಡಲಿಲ್ಲ. ನಮ್ಮ ಮ್ಯಾನೇಜರ್ ಹುಬ್ಬಳ್ಳಿಯವರು, ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಅಲ್ರೀ, ಇಂಥಾ ಯೂಸರ್ಸ್ ನಮಗ ಎಷ್ಟ ಮಂದಿ ಇದ್ದಾರು?"

"ಬಟನ್ನಿಗೆ ಹೆಸರು ಬರೆದಮೇಲೆ ಎಣಿಸೋಣ," ಎಂದೆ. "ಈಗ ಎಣಿಸಿದ್ರೆ ಒಬ್ಬರೂ ಸಿಗಲ್ಲ. ನಾವೇ ಒಳಗೆ ಬಿಟ್ಟಿಲ್ವಲ್ಲ."

ಆ ವಾರ ಅದು ಹೊರಬರಲಿಲ್ಲ. ಅವರು ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಮಾತಾಡದಿದ್ದರೆ ಬೇಡ.